ಹುಡುಗ ಬಿದ್ದಿದ್ದಾನೆ, ಸೀಟಿ ಏಕಿಲ್ಲ?

ಪಂದ್ಯದ ದಿನ ನನ್ನ ಜಾಗ ಬೆಂಚಿನ ತುದಿಯ ಚಿಕ್ಕ ಬಾಗಿಲ ಪಕ್ಕ. ಸೊಂಟದ ಚೀಲದಲ್ಲಿ ಹತ್ತಿಬಟ್ಟೆ, ಕೈಗವಸು, ಕತ್ತರಿ. ಅಮೆರಿಕದ ಕಾಲೇಜೊಂದರ ಐಸ್ ಹಾಕಿ ತಂಡಕ್ಕೆ ನಾನು ಅಥ್ಲೆಟಿಕ್ ಟ್ರೈನರ್, ಅಂದರೆ ಆಟಗಾರರ ಗಾಯ ನೋಡಿಕೊಳ್ಳುವವನು. ಜನರ ಕಣ್ಣೆಲ್ಲ ಪಕ್ (ಆಟದ ರಬ್ಬರ್ ಬಿಲ್ಲೆ) ಹಿಂದೆ ಓಡುತ್ತಿದ್ದರೆ ನಾನು ಪಕ್ ಆಗಷ್ಟೇ ಬಿಟ್ಟುಹೋದ ಜಾಗವನ್ನು ನೋಡುತ್ತಿರುತ್ತೇನೆ. ತಡವಾದ ಪೆಟ್ಟು ಬೀಳುವುದು ಅಲ್ಲಿ.

ಗ್ಯಾಲರಿಯಿಂದ ಪ್ರತಿ ವಾರ ಕೇಳಿಬರುವ ಕೂಗು ಒಂದೇ: ಹುಡುಗ ಬಿದ್ದಿದ್ದಾನೆ, ರೆಫರಿ ಸೀಟಿ ಊದುತ್ತಿಲ್ಲ ಏಕೆ? ಕ್ರಿಕೆಟ್ ನೋಡಿ ಬೆಳೆದ ನನಗೂ ಮೊದಲ ಚಳಿಗಾಲವೆಲ್ಲ ಇದೇ ಸಿಟ್ಟು. ಅದು ಎಸೆತ ಎಸೆತಕ್ಕೂ ಬಿಡುವಿರುವ ಆಟ. ಇಲ್ಲಿ ಹಾಗಿಲ್ಲ.

ಬಿದ್ದವನ ತಂಡದ ಬಳಿಯೇ ಪಕ್ ಇದ್ದರೆ ಆಟ ತಕ್ಷಣ ನಿಲ್ಲುತ್ತದೆ, ಅವರೇ ಗೋಲು ಹೊಡೆಯುವ ಹಂತದಲ್ಲಿ ಇಲ್ಲದಿದ್ದರೆ. ಎದುರಾಳಿಯ ಬಳಿ ಇದ್ದರೆ, ಅದು ಇವರ ವಶಕ್ಕೆ ಬರುವವರೆಗೂ ಆಟ ಸಾಗುತ್ತದೆ. ಗಾಯ ಗಂಭೀರವೆಂದು ಮೇಲುನೋಟಕ್ಕೇ ತಿಳಿದರೆ ಮಾತ್ರ ಪಕ್ ಯಾರ ಬಳಿ ಇದ್ದರೂ ಸೀಟಿ ಊದಬಹುದು. ಕಲ್ಲೆದೆಯ ನಿಯಮ ಎನಿಸಬಹುದು. ಆದರೆ ಬಿದ್ದೊಡನೆ ಆಟ ನಿಲ್ಲುವುದಾದರೆ, ಗೋಲಿನೆದುರು ಇಕ್ಕಟ್ಟಿಗೆ ಸಿಕ್ಕ ತಂಡದಲ್ಲಿ ಯಾರಾದರೊಬ್ಬ ಮಂಡಿ ಹಿಡಿದುಕೊಂಡು ಮಲಗದೆ ಇರುತ್ತಾನೆಯೇ? ನನ್ನ ತಕರಾರು ಏನಿದ್ದರೂ ಈ ನಿಯಮದ ಬಾಲದ ಬಗ್ಗೆ. ಯಾರಿಗಾಗಿ ಆಟ ನಿಂತಿತೋ ಅವನು ಐಸ್ ಬಿಟ್ಟು ಹೊರನಡೆಯಬೇಕು. ಅದನ್ನು ತಪ್ಪಿಸಲು ಹುಡುಗರು ಸೀಟಿಗೆ ಮೊದಲೇ ತಡವರಿಸಿಕೊಂಡು ಏಳುತ್ತಾರೆ.

ಕಳೆದ ಋತುವಿನಲ್ಲಿ ನಮ್ಮ ಡಿಫೆನ್ಸ್ ಹುಡುಗನೊಬ್ಬ ಹೀಗೆಯೇ ಎದ್ದ. ಮೂಲೆಯಲ್ಲಿ ಭುಜಕ್ಕೆ ಭುಜ ತಾಗಿ ಅವನ ಹೆಲ್ಮೆಟ್ ಬೋರ್ಡಿಗೆ, ಅಂದರೆ ಐಸ್ ಸುತ್ತಲಿನ ತಡೆಗೋಡೆಗೆ, ಬಡಿದಿತ್ತು. ಮೊದಲು ಒಂದು ಮಂಡಿ ಊರಿದ, ಆಮೇಲೆ ಇನ್ನೊಂದು. ಗ್ಲೌಸ್ ತೊಟ್ಟ ಕೈ ಬೋರ್ಡಿನ ಮೇಲೆ ಆಸರೆ ಹುಡುಕುತ್ತಿತ್ತು. ಎದ್ದವನು ಎದುರು ತಂಡದ ಬೆಂಚಿನತ್ತ ಹೊರಟ. ರೆಫರಿಗೆ ನೆರವಾಗುವ ಲೈನ್ಸ್‌ಮನ್ ಅದನ್ನು ನನಗಿಂತ ಮೊದಲು ಕಂಡು ಸೀಟಿ ಊದಿದರು. ನನ್ನ ಕಾಲಲ್ಲಿ ಸಾದಾ ಬೂಟು. ಆಟಗಾರನೊಬ್ಬನ ಮೊಣಕೈ ಹಿಡಿದು, ಮಳೆಗಾಲದ ಪಾಚಿಗಲ್ಲಿನ ಮೇಲೆ ನಡೆಯುವ ಅಜ್ಜನಂತೆ ಹೋದೆ. ಪಂದ್ಯದ ಮೂರು ಪೀರಿಯಡ್‌ಗಳಲ್ಲಿ ಇದು ಯಾವುದು ಎಂದು ಕೇಳಿದೆ. "ಎರಡನೆಯದು" ಎಂದ. ನಾವು ಮೂರನೆಯದರಲ್ಲಿದ್ದೆವು.

ಅಲ್ಲಿಗೆ ಅವನ ಪಂದ್ಯ ಮುಗಿಯಿತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ವ್ಯವಸ್ಥೆಯಲ್ಲಿ ಕನ್ಕಶನ್ (ಪೆಟ್ಟಿನಿಂದ ಮಿದುಳು ಅಲುಗುವ ಗಾಯ) ಆದವನು ಅದೇ ದಿನ ಮತ್ತೆ ಆಡುವಂತಿಲ್ಲ. ಆ ತೀರ್ಮಾನ ವೈದ್ಯಕೀಯ ಸಿಬ್ಬಂದಿಯದು, ಕೋಚ್ ಅದನ್ನು ಬದಲಿಸುವಂತಿಲ್ಲ.

ಗಾಯಕ್ಕೆ ಊದುವ ಸೀಟಿ ಬೇರೆ, ತಪ್ಪಿಗೆ ಎತ್ತುವ ಕೈ ಬೇರೆ. ಕಿತ್ತಳೆ ತೋಳುಪಟ್ಟಿಯ ರೆಫರಿ ಕೈ ಎತ್ತಿದರೆ ತಪ್ಪಾಗಿದೆ ಎಂದರ್ಥ. ತಪ್ಪು ಮಾಡಿದ ತಂಡದ ವಶಕ್ಕೆ ಪಕ್ ಬಂದೊಡನೆ ಆಟ ನಿಲ್ಲುತ್ತದೆ. ಆದರೆ ಗಾಯವಾಯಿತೆಂದ ಮಾತ್ರಕ್ಕೆ ಯಾರದೋ ತಪ್ಪಿರಲೇಬೇಕು ಎಂದಿಲ್ಲ. 1995ರ ಅಕ್ಟೋಬರ್ 20ರಂದು ಬಾಸ್ಟನ್ ವಿಶ್ವವಿದ್ಯಾಲಯದ ಟ್ರಾವಿಸ್ ರಾಯ್ ತಮ್ಮ ಮೊದಲ ಕಾಲೇಜು ಪಂದ್ಯದಲ್ಲಿ ಐಸ್‌ಗಿಳಿದು 11 ಸೆಕೆಂಡುಗಳಷ್ಟೇ ಆಗಿತ್ತು. ನಾರ್ತ್ ಡಕೋಟದ ಆಟಗಾರನಿಗೆ ತಾವೇ ಢಿಕ್ಕಿ ಕೊಡಲು ಹೋಗಿ, ಆಯತಪ್ಪಿ ತಲೆ ಮುಂದಾಗಿ ಬೋರ್ಡಿಗೆ ಬಡಿದರು. ಕತ್ತಿನ ನಾಲ್ಕನೇ ಮೂಳೆ ಮುರಿಯಿತು. 2020ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲೇ ಬದುಕಿದರು. ಶಿಕ್ಷೆ ಯಾರಿಗೆ ಕೊಡುವುದು? ಇನ್ನೊಂದು ದಿನ ಹಿಂದಿನಿಂದ ಬೋರ್ಡಿಗೆ ತಳ್ಳಿಸಿಕೊಂಡವನು ನಗುತ್ತ ಎದ್ದುಬಿಡಬಹುದು. ಆಗಲೂ ತಳ್ಳಿದವನ ತಪ್ಪು ತಪ್ಪೇ. ಅದಕ್ಕೆ ಡಿಸ್‌ಕ್ವಾಲಿಫಿಕೇಶನ್, ಅಂದರೆ ಪಂದ್ಯದಿಂದಲೇ ಹೊರಹಾಕುವ ಶಿಕ್ಷೆ, ಬಿದ್ದರೆ ಮುಂದಿನ ಪಂದ್ಯವೂ ಅವನಿಗಿಲ್ಲ. ರೆಫರಿಗಳು ವಿಡಿಯೊ ಪರದೆಗೆ ಬಾಗಿ ಹುಡುಕುವುದು ಇದನ್ನೇ: ಪೆಟ್ಟು ತಿಂದವನ ಬೆನ್ನ ಮೇಲಿನ ಅಂಕಿ ಕೊಟ್ಟವನಿಗೆ ಕಾಣುತ್ತಿತ್ತೇ, ಪೆಟ್ಟು ಮೊದಲು ತಾಗಿದ್ದು ತಲೆಗೋ ಭುಜಕ್ಕೋ.

ಅಷ್ಟರಲ್ಲಿ ಲೈನ್ಸ್‌ಮನ್‌ಗಳು ಇನ್ನೊಂದು ಕೆಲಸ ಮಾಡುತ್ತಿರುತ್ತಾರೆ. ಬಿದ್ದವನ ಹೆಲ್ಮೆಟ್ ಕಳಚಲು ಧಾವಿಸುವ ಗೆಳೆಯರನ್ನು ದೂರ ತಳ್ಳುತ್ತಾರೆ. ಭುಜಕವಚ ಹಾಗೇ ಇದ್ದು ಹೆಲ್ಮೆಟ್ ಮಾತ್ರ ತೆಗೆದರೆ ತಲೆ ಹಿಂದಕ್ಕೆ ಜೋತು ಕತ್ತು ಬಾಗುತ್ತದೆ. ಇದಕ್ಕಾಗಿ ಅವರಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿಲ್ಲ.

ನಮ್ಮ ಹುಡುಗನನ್ನು ಒಳಗೆ ಮಂದ ಬೆಳಕಿನ ಕೋಣೆಯಲ್ಲಿ ಕೂರಿಸಿದೆ. "ಸರ್, ಅವನಿಗೆ ಐದು ನಿಮಿಷ ಕೊಟ್ಟರಾ?" ಎಂದು ಕೇಳಿದ. ಢಿಕ್ಕಿ ಕೊಟ್ಟವನನ್ನು ಐದು ನಿಮಿಷ ಆಟದಿಂದ ಹೊರಗೆ ಕೂರಿಸುವ ಶಿಕ್ಷೆಯ ಮಾತು ಅದು. ಇಲ್ಲ, ಅದು ನಿಯಮಕ್ಕೆ ಒಳಪಟ್ಟ ಢಿಕ್ಕಿಯೇ ಆಗಿತ್ತು ಎಂದೆ. ತಲೆಯಾಡಿಸಿದ. ಸ್ಕೇಟಿನ ಲೇಸ್ ಬಿಚ್ಚುತ್ತ ಮತ್ತೆ ಕೇಳಿದ, ಅದೇ ಧಾಟಿಯಲ್ಲಿ. ಮೂರನೇ ಸಲ ಕೇಳಿದಾಗ ನಾನು ಗಡಿಯಾರ ನೋಡಿ ವೇಳೆ ಬರೆದುಕೊಂಡು ತಂಡದ ವೈದ್ಯರಿಗೆ ಫೋನ್ ಮಾಡಿದೆ.