ಹಕ್ಕು ಬರೆದಾಯ್ತು, ದೂರು ಯಾರಿಗೆ ಕೊಡೋದು?

ಮಾನವ ಹಕ್ಕುಗಳ ಮಾತು ಬಂದಾಗಲೆಲ್ಲ ಘೋಷಣೆ, ಒಪ್ಪಂದ, ಸಮಿತಿ, ಮಂಡಳಿ ಅಂತ ಹತ್ತಾರು ಹೆಸರು ಕಿವಿಗೆ ಬೀಳುತ್ತವೆ. ಯಾವುದಕ್ಕೆ ಕಾನೂನಿನ ಬಲ ಇದೆ, ಯಾವುದು ಬರೀ ಮಾತು ಅನ್ನೋದು ಗೊತ್ತಾಗದೆ ತಲೆ ಕೆಡುತ್ತದೆ. ಈ ಗೋಜಲಿಗೆ 1947–48ರಲ್ಲೇ ಗಂಟು ಬಿದ್ದಿತ್ತು.

1945ರಲ್ಲಿ ಸಹಿಯಾದ ವಿಶ್ವಸಂಸ್ಥೆಯ ಸನ್ನದಿನಲ್ಲಿ 'ಮಾನವ ಹಕ್ಕು' ಅನ್ನೋ ಪದ ಇತ್ತು, ಹಕ್ಕುಗಳ ಪಟ್ಟಿ ಇರಲಿಲ್ಲ. ಅದನ್ನು ಬರೆಯುವ ಕೆಲಸ ಅಮೆರಿಕದ ಎಲಿನಾರ್ ರೂಸ್‌ವೆಲ್ಟ್ ಅಧ್ಯಕ್ಷತೆಯ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಹೆಗಲಿಗೆ ಬಿತ್ತು. ಚೀನಾದ ಪಿ.ಸಿ. ಚಾಂಗ್, ಲೆಬನಾನಿನ ಚಾರ್ಲ್ಸ್ ಮಲಿಕ್, ಫ್ರಾನ್ಸಿನ ರೆನೆ ಕ್ಯಾಸಿನ್, ಭಾರತದ ಹಂಸಾ ಮೆಹ್ತಾ ಅಲ್ಲಿದ್ದರು. ಇದೆಲ್ಲ ಪಶ್ಚಿಮದವರು ಹೇರಿದ್ದು ಎಂದು ಸುಮ್ನೆ ತಳ್ಳಿಹಾಕುವವರು ಈ ಹೆಸರುಗಳನ್ನೊಮ್ಮೆ ನೋಡಬೇಕು. ಹಾಗಂತ ಆ ಗೊಣಗಾಟ ಪೂರ್ತಿ ಸುಳ್ಳೂ ಅಲ್ಲ. ಆಗ ವಿಶ್ವಸಂಸ್ಥೆಯಲ್ಲಿ ಇದ್ದದ್ದು 58 ದೇಶ. ಆಫ್ರಿಕಾದ ಬಹುಪಾಲು ಇನ್ನೂ ಬೇರೆಯವರ ಆಳ್ವಿಕೆಯಲ್ಲಿತ್ತು.

ಕರಡಿನ ಮೊದಲ ವಿಧಿ ಇಂಗ್ಲಿಷಿನಲ್ಲಿ 'ಆಲ್ ಮೆನ್' ಅಂತ ಶುರುವಾಗುತ್ತಿತ್ತು. ಮೆಹ್ತಾ ತಕರಾರು ತೆಗೆದರು. 'ಮೆನ್' ಅಂದರೆ ಹೆಂಗಸರೂ ಸೇರಿದ ಹಾಗೆಯೇ ಅನ್ನೋ ಸಮಜಾಯಿಷಿ ಬಂತು. ನಾಳೆ ಯಾವುದೋ ಸರ್ಕಾರ ಅದನ್ನು ಗಂಡಸರು ಅಂತಲೇ ಓದಿದರೆ? ಕೊನೆಗೆ ಅದು 'ಆಲ್ ಹ್ಯೂಮನ್ ಬೀಯಿಂಗ್ಸ್' ಆಯಿತು. ಕನ್ನಡದಲ್ಲಿ 'ಮನುಷ್ಯರು' ಅಂದರೆ ಮುಗಿಯಿತು, ಈ ಜಗಳವೇ ಹುಟ್ಟುತ್ತಿರಲಿಲ್ಲ.

ಪದಕ್ಕೆ ಪದ ಹೀಗೆ ಜಗ್ಗಾಡಿ, 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ 30 ವಿಧಿಗಳ ಸಾರ್ವತ್ರಿಕ ಘೋಷಣೆ ಪಾಸಾಯಿತು. ಪರವಾಗಿ 48 ಮತ, ವಿರುದ್ಧ ಒಂದೂ ಇಲ್ಲ, ಎಂಟು ದೇಶ ತಟಸ್ಥ.

ಅದೇ ಹೊತ್ತಿಗೆ ಇನ್ನೊಂದು ಕಡೆ ಪತ್ರಗಳು ಬಂದು ಬೀಳುತ್ತಿದ್ದವು. ಹಕ್ಕುಗಳಿಗೆ ಒಂದು ಆಯೋಗ ಬಂದಿದೆ ಅಂತ ಕೇಳಿದ ಜನ ತಮ್ಮ ಕಷ್ಟ ಬರೆದು ಕಳಿಸುತ್ತಿದ್ದರು. 1947ರಲ್ಲಿ ಕರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬೋಯಿಸ್ ಸಂಪಾದಿಸಿದ, ಅಮೆರಿಕದ ಕರಿಯರ ಮನವಿಯೂ ಬಂತು. ಆದರೆ ಆಯೋಗ ಅದೇ ವರ್ಷ, ಯಾವ ದೂರಿನ ಮೇಲೂ ಕ್ರಮ ಕೈಗೊಳ್ಳುವ ಅಧಿಕಾರ ತನಗಿಲ್ಲ ಎಂದು ಹೇಳಿಬಿಟ್ಟಿತ್ತು. ಪತ್ರಗಳ ಸಾರಾಂಶವನ್ನು ಗುಟ್ಟಾಗಿ ಪಟ್ಟಿ ಮಾಡಿ ಸದಸ್ಯರಿಗೆ ಕೊಡುತ್ತಿದ್ದರು. ಬರೆದವರಿಗೆ, ನಮಗೆ ಅಧಿಕಾರವಿಲ್ಲ ಅನ್ನೋ ಉತ್ತರ. ಮಾನವ ಹಕ್ಕುಗಳ ಅಂತರರಾಷ್ಟ್ರೀಯ ನ್ಯಾಯಾಲಯ ಬೇಕು ಎಂದು ಆಸ್ಟ್ರೇಲಿಯಾ ಕೇಳಿತ್ತು. ಅದು ಆಗಲಿಲ್ಲ. ತಮ್ಮ ಮನೆ ವಿಚಾರ ಹೊರಗಿನವರು ಕೆದಕೋದು ಯಾವ ಸರ್ಕಾರಕ್ಕೆ ತಾನೇ ಇಷ್ಟ, ಅಲ್ವಾ?

ಘೋಷಣೆ ಒಪ್ಪಂದವಲ್ಲ, ಕಾನೂನಿನ ಬಲ ಆಮೇಲೆ ಕೊಡೋಣ ಅನ್ನೋದು ಆಗಿನ ಮಾತು. ಆ 'ಆಮೇಲೆ' ಬರೋಕೆ 18 ವರ್ಷ ಹಿಡಿಯಿತು. ಶೀತಲ ಸಮರದ ಜಗ್ಗಾಟದಲ್ಲಿ ಒಂದು ಒಪ್ಪಂದ ಎರಡಾಗಿ ಒಡೆಯಿತು. ಮಾತು, ಮತ, ನ್ಯಾಯ ಒಂದರಲ್ಲಿ. ಅನ್ನ, ಕೆಲಸ, ಶಿಕ್ಷಣ ಇನ್ನೊಂದರಲ್ಲಿ. 1966ರಲ್ಲಿ ಅಂಗೀಕಾರ, 1976ರಲ್ಲಿ ಜಾರಿ. ಮೊದಲನೆಯದಕ್ಕೆ ಅಂಟಿಕೊಂಡ ಐಚ್ಛಿಕ ಪ್ರೋಟೊಕಾಲ್, ಅಂದರೆ ಬೇಕಾದವರು ಮಾತ್ರ ಸೇರುವ ಪೂರಕ ಒಪ್ಪಂದ, ಅದನ್ನು ಒಪ್ಪಿದ ದೇಶಗಳ ಜನ ಮಾತ್ರ 18 ಸದಸ್ಯರ ಸಮಿತಿಗೆ ದೂರು ಕೊಡಬಹುದು. ಅದೂ ಸಾಮಾನ್ಯವಾಗಿ ಸ್ವಂತ ದೇಶದ ಕೋರ್ಟುಗಳನ್ನೆಲ್ಲ ಹತ್ತಿಳಿದ ಮೇಲೆ.

2006ರಲ್ಲಿ ಹಳೇ ಆಯೋಗ ಹೋಗಿ ಮಾನವ ಹಕ್ಕುಗಳ ಮಂಡಳಿ ಬಂತು. ಈಗ ಪ್ರತಿ ದೇಶವೂ ಸರದಿಯಂತೆ ಜಿನೀವಾದಲ್ಲಿ ಉಳಿದವರ ಮುಂದೆ ಕೂತು ಉತ್ತರ ಹೇಳಬೇಕು. ಎಲ್ಲರಿಗೂ ಒಂದೇ ಅಳತೆ, ಮೂರೂವರೆ ಗಂಟೆ. ಇದು ನಿಜಕ್ಕೂ ಒಳ್ಳೆಯ ಬೆಳವಣಿಗೆ. ಬೇರೆ ದೇಶಗಳು ಕೊಟ್ಟ ಸಲಹೆಗಳಿಗೆ ಉತ್ತರವನ್ನೂ ಕೊಡಬೇಕು. ಇಷ್ಟವಾದರೆ 'ಒಪ್ಪಿದ್ದೇವೆ'. ಇಷ್ಟವಾಗದಿದ್ದರೆ 'ಗಮನಿಸಿದ್ದೇವೆ'. 'ತಿರಸ್ಕರಿಸಿದ್ದೇವೆ' ಅನ್ನೋ ಕಾಲಮ್ಮೇ ಅಲ್ಲಿಲ್ಲ.