ಅಜ್ಜಿಯ ಫೋಟೋ ಹುಡುಕಿಕೊಟ್ಟ ಹಳೇ ಲ್ಯಾಪ್‌ಟಾಪ್

ನಮ್ಮನೆ ಟಿವಿ ಸ್ಟ್ಯಾಂಡಿನ ಕೆಳಗೆ ಹಳೇ ಲ್ಯಾಪ್‌ಟಾಪ್ ಒಂದಿದೆ. ಕೀಬೋರ್ಡಿನ ಎರಡು ಕೀ ಕಿತ್ತುಹೋಗಿವೆ. ಮುಚ್ಚಿಯೇ ಇಟ್ಟಿರುತ್ತೇವೆ, ಆದರೆ ಹಗಲೂ ರಾತ್ರಿ ಓಡುತ್ತಿರುತ್ತದೆ. ಮೊನ್ನೆ ಅಮ್ಮ ಕೇಳಿದರು: "ಅಜ್ಜಿ ಮಹಡಿ ಮೇಲೆ ಹಪ್ಪಳ ಒಣಗಿಸ್ತಾ ಕೂತಿದ್ರಲ್ಲ, ಆ ಫೋಟೋ ಎಲ್ಲಿದೆಯೋ?" ಯಾವ ವರ್ಷದ್ದು ಅಂತ ಅವರಿಗೂ ನೆನಪಿಲ್ಲ, ನನಗೂ ಇಲ್ಲ. ಫೋನಿನಲ್ಲಿ ಅಜ್ಜಿಯ ಮುಖ ಆರಿಸಿ, "ಬಿಸಿಲಲ್ಲಿ ಚಾಪೆ" ಅಂತ ಕನ್ನಡದಲ್ಲೇ ಟೈಪ್ ಮಾಡಿದೆ. ಮೂರನೇ ಸಾಲಿನಲ್ಲಿ ಸಿಕ್ಕಿತು.

ಆ ಫೋಟೋಗೆ ಯಾರೂ ಹೆಸರು ಬರೆದಿರಲಿಲ್ಲ. ಹುಡುಕಾಟ ನಡೆದದ್ದು ದೂರದ ಯಾವುದೋ ಡೇಟಾ ಸೆಂಟರಿನಲ್ಲೂ ಅಲ್ಲ, ಟಿವಿ ಕೆಳಗಿನ ಆ ಲ್ಯಾಪ್‌ಟಾಪಿನಲ್ಲಿ. ನನಗೆ ಈಗಲೂ ಅಚ್ಚರಿ ಹುಟ್ಟಿಸುವುದು ಇದೇ.

ಅದರಲ್ಲಿ ಇಮ್ಮಿಚ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ್ದೇನೆ. 2022ರಲ್ಲಿ ಅಲೆಕ್ಸ್ ಟ್ರಾನ್ ಎಂಬುವರು ಶುರುಮಾಡಿದ್ದು, 2025ರ ಅಕ್ಟೋಬರ್‌ನಲ್ಲಿ 2.0 ಆವೃತ್ತಿಗೆ ಬಂತು. ನಮ್ಮದೇ ಸರ್ವರಿನಲ್ಲಿ, ಅಂದರೆ ಸದಾ ಓಡುತ್ತಿರುವ ಇಂಥ ಸ್ವಂತ ಕಂಪ್ಯೂಟರಿನಲ್ಲಿ, ಫೋಟೋ ಇಡುವ ಸಾಫ್ಟ್‌ವೇರ್ ಹೊಸದೇನಲ್ಲ. ಪಿವಿಗೋ 2002ರಿಂದಲೂ ಇದೆ, ಫೋಟೋಪ್ರಿಸಂ ಕೂಡ ಇದೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು ನಿಲ್ಲಿಸಿದ ಮೇಲೆ ತುಂಬಾ ಜನ ಇವುಗಳ ಕಡೆ ತಿರುಗಿ ನೋಡಿದರು. ಆದರೂ ಜಾಗ ಯಾವತ್ತೂ ದೊಡ್ಡ ತೊಡಕಾಗಿರಲಿಲ್ಲ. ಫೋಟೋ ತುಂಬಿಡುವುದು ಸುಲಭ, ಬೇಕಾದಾಗ ಸಿಗುವುದೇ ಕಷ್ಟ.

ಜಾಗದ ಲೆಕ್ಕ ನೋಡಿ. ಒಂದು 12 ಮೆಗಾಪಿಕ್ಸೆಲ್ ಫೋಟೋದಲ್ಲಿ 1.2 ಕೋಟಿ ಚುಕ್ಕಿಗಳಿವೆ. ಒಂದೊಂದು ಚುಕ್ಕಿಗೆ ಮೂರು ಬೈಟ್ ಹಿಡಿದರೂ 36 ಎಂಬಿ ಆಗಬೇಕು. ಫೋನಿನಲ್ಲಿ ಅದು ಸುಮಾರು 4 ಎಂಬಿಯಷ್ಟೇ ಇರುತ್ತದೆ. ಜೆಪೆಗ್ ವಿಧಾನ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಏರಿಳಿತಗಳನ್ನು ಬಿಟ್ಟುಬಿಡುತ್ತದೆ. ಇದರ ಹಿಂದಿನ ಗಣಿತವನ್ನು ಯೋಚಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಅವರು 1974ರಲ್ಲಿ ಪ್ರಕಟಿಸಿದ ಆ ಲೆಕ್ಕ ಇವತ್ತು ಎಲ್ಲರ ಜೇಬಿನಲ್ಲೂ ಇದೆ. ನಮ್ಮ ಊರಿನ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಅವರ ದಯೆಯಿಂದ 1 ಟಿಬಿ ಡಿಸ್ಕಿನಲ್ಲಿ ಎರಡೂವರೆ ಲಕ್ಷ ಫೋಟೋ ಹಿಡಿಯುತ್ತವೆ.

ಇನ್ನು ಹುಡುಕಾಟ. 2021ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆ ಕ್ಲಿಪ್ ಎಂಬ ಮಾದರಿಯನ್ನು, ಅಂದರೆ ಉದಾಹರಣೆ ನೋಡಿ ಕಲಿಯುವ ಎಐ ಪ್ರೋಗ್ರಾಮನ್ನು, ಹೊರತಂದಿತು. ಇಮ್ಮಿಚ್ ಫೋಟೋ ಹುಡುಕುವುದು ಇಂಥ ಮಾದರಿಯಿಂದಲೇ. ಅದಕ್ಕೆ 40 ಕೋಟಿ ಚಿತ್ರಗಳನ್ನೂ ಜೊತೆಗಿದ್ದ ಬರಹವನ್ನೂ ತೋರಿಸಿ ಕಲಿಸಿದ್ದರು. ಅದರಲ್ಲಿ ಎರಡು ಭಾಗ: ಒಂದು ಚಿತ್ರವನ್ನು ನೋಡುತ್ತದೆ, ಇನ್ನೊಂದು ಮಾತನ್ನು ಓದುತ್ತದೆ. ಎರಡೂ ಕೊಡುವ ಉತ್ತರ ಒಂದೇ ಥರದ್ದು, ಸಂಖ್ಯೆಗಳ ಒಂದು ಉದ್ದ ಸಾಲು. ಚಾಪೆಯ ಫೋಟೋದ ಸಾಲೂ "ಚಾಪೆ" ಎಂಬ ಮಾತಿನ ಸಾಲೂ ಹತ್ತಿರ ಹತ್ತಿರ ಬರಬೇಕು, ಸಂಬಂಧವಿಲ್ಲದವು ದೂರ ಉಳಿಯಬೇಕು. ಕಲಿಸಿದ್ದು ಇಷ್ಟೇ.

ಕ್ಲಿಪ್‌ನ ಒಂದು ಚಿಕ್ಕ ಮಾದರಿಯಲ್ಲಿ ಈ ಸಾಲಿನಲ್ಲಿ 512 ಸಂಖ್ಯೆಗಳಿರುತ್ತವೆ. ಸಂಖ್ಯೆಗೆ 4 ಬೈಟ್ ಅಂದರೆ ಒಂದು ಫೋಟೋಗೆ 2 ಕೆಬಿ. ನಮ್ಮ ಮೂವತ್ತು ಸಾವಿರ ಫೋಟೋಗೂ ಸೇರಿ 60 ಎಂಬಿ! ಒಂದು ಸಣ್ಣ ವಿಡಿಯೋದಷ್ಟು. ನಾನು ಟೈಪ್ ಮಾಡಿದ ಮಾತಿನ ಸಾಲನ್ನು ಈ ಮೂವತ್ತು ಸಾವಿರ ಸಾಲುಗಳ ಜೊತೆಗೂ ಹೋಲಿಸಲು ಒಂದೂವರೆ ಕೋಟಿ ಗುಣಾಕಾರ ಸಾಕು. ಹಳೇ ಲ್ಯಾಪ್‌ಟಾಪಿಗೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಕಷ್ಟವೆಲ್ಲ ಮೊದಲ ಸಲ, ಫೋಟೋಗಳನ್ನು ಒಂದೊಂದಾಗಿ ಸಂಖ್ಯೆಯಾಗಿಸುವಾಗ. ನಮ್ಮಲ್ಲಿ ಅದಕ್ಕೆ ನಾಲ್ಕು ರಾತ್ರಿ ಹಿಡಿಯಿತು, ಫ್ಯಾನ್ ಸದ್ದು ಅಡುಗೆಮನೆಗೂ ಕೇಳುತ್ತಿತ್ತು.

ಕನ್ನಡ ಹೇಗೆ ಅರ್ಥವಾಯಿತು? ಇಮ್ಮಿಚ್ ಜೊತೆಗೆ ತಾನಾಗಿ ಬರುವ ಮಾದರಿಗೆ ಇಂಗ್ಲಿಷೇ ಜಾಸ್ತಿ. ಆದರೆ ಸೆಟ್ಟಿಂಗ್ಸ್‌ನಲ್ಲಿ ಮಾದರಿ ಬದಲಾಯಿಸಬಹುದು. ಮೆಟಾ ಸಂಸ್ಥೆಯ 200 ಭಾಷೆಗಳ ಅನುವಾದ ಮಾದರಿಯನ್ನು ಮಾತು ಓದುವ ಭಾಗವಾಗಿ ಜೋಡಿಸಿದ ಮಾದರಿಗಳಿವೆ. ಆ 200ರಲ್ಲಿ ಕನ್ನಡವೂ ಒಂದು. ಇವಕ್ಕೆ ರ‍್ಯಾಮ್ ಸ್ವಲ್ಪ ಜಾಸ್ತಿ ಬೇಕು, 8 ಜಿಬಿ ಇದ್ದರೆ ಒಳ್ಳೆಯದು.

ಮುಖಗಳ ಕಥೆಯೂ ಹೀಗೆಯೇ. ಪ್ರತಿ ಮುಖಕ್ಕೂ ಒಂದು ಸಂಖ್ಯೆಗಳ ಸಾಲು, ಹತ್ತಿರದವನ್ನೆಲ್ಲ ಸೇರಿಸಿದರೆ ಒಬ್ಬ ವ್ಯಕ್ತಿ. ಎರಡು ವರ್ಷದ ಮಗು ಹನ್ನೆರಡು ವರ್ಷದವನಾದರೂ ನಡುವಿನ ಫೋಟೋಗಳು ಸರಪಳಿಯ ಕೊಂಡಿಯಂತೆ ಹಿಡಿದುಕೊಳ್ಳುತ್ತವೆ. ತಪ್ಪೂ ಆಗುತ್ತದೆ. ನಮ್ಮಣ್ಣನ ಬಾಲ್ಯದ ಫೋಟೋವನ್ನೂ ಅವನ ಮಗನ ಫೋಟೋವನ್ನೂ ಒಬ್ಬರೇ ಅಂದುಕೊಂಡಿತ್ತು. ಅತ್ತಿಗೆಗೆ ಅದನ್ನು ತೋರಿಸಿದಾಗ ಅವರು ತುಂಬಾ ಹೊತ್ತು ನೋಡುತ್ತಾ ಕೂತರು. ಮುಖದ ಗುರುತು ಅಂದರೆ ಬದಲಾಯಿಸಲು ಬಾರದ ಪಾಸ್‌ವರ್ಡ್ ಇದ್ದ ಹಾಗೆ, ಅಲ್ವಾ? ಅದು ಮನೆ ಬಿಟ್ಟು ಹೋಗುವುದಿಲ್ಲ ಎನ್ನುವುದು ನನಗೆ ದೊಡ್ಡ ನೆಮ್ಮದಿ.

ಜವಾಬ್ದಾರಿಯೂ ನಮ್ಮದೇ. ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್ ಆಗುತ್ತದೆ, ಆದರೆ ಹಳೇ ಬ್ಯಾಟರಿ ಊದಿಕೊಂಡಿದೆಯಾ ಅಂತ ಆಗಾಗ ನೋಡಬೇಕು. ಹೊರಗಿನಿಂದ ಫೋಟೋ ನೋಡಲು ಸರ್ವರನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ, ವೈರ್‌ಗಾರ್ಡ್‌ನಂಥ ಖಾಸಗಿ ದಾರಿ ಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಬ್ಯಾಕಪ್. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮ ಮೂರನೇ ಪ್ರತಿ ಅಣ್ಣನ ಮನೆಯ ಬೀರುವಿನಲ್ಲಿದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹೋದಾಗ ಡಿಸ್ಕ್ ಬದಲಾಯಿಸಿಕೊಂಡು ಬರುತ್ತೇನೆ.

ಈಗ ಹಳೇ ಆಲ್ಬಮ್ಮಿನ ಫೋಟೋಗಳನ್ನು ಸ್ಕ್ಯಾನ್ ಮಾಡಿ ಹಾಕುತ್ತಿದ್ದೇನೆ. ಮುಖಗಳನ್ನು ಗುಂಪು ಮಾಡಿ ಕೊಡುವುದು ಲ್ಯಾಪ್‌ಟಾಪಿನ ಕೆಲಸ, ಹೆಸರು ಅದಕ್ಕೆ ಗೊತ್ತಿಲ್ಲ. ಸಂಜೆ ಕಾಫಿ ಕುಡಿಯುತ್ತಾ ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾರೆ. "ಇವರು ನಿಮ್ಮಜ್ಜನ ತಂಗಿ ಕಣೋ, ಸೊರಬಕ್ಕೆ ಕೊಟ್ಟಿದ್ದು" ಅನ್ನುತ್ತಾರೆ. ನಾನು ಟೈಪ್ ಮಾಡುತ್ತೇನೆ. ನಿನ್ನೆಗೆ ನಲವತ್ತೊಂದು ಹೆಸರಾಯಿತು.