ಜಾಮರ್‌ಗೆ ಎಷ್ಟು ಕಿಲೋಮೀಟರ್?

ಸೇನೆಗೆ ಜಿಪಿಎಸ್ ಜಾಮರ್‌ನ, ಅಂದರೆ ಗದ್ದಲ ಎಬ್ಬಿಸಿ ಜಿಪಿಎಸ್ ಸಿಗ್ನಲ್ ಅಡಗಿಸುವ ಪೆಟ್ಟಿಗೆಯ, ಪ್ರೋಟೋಟೈಪ್ ಮಾಡಿಕೊಡುತ್ತೇವೆ ಅಂತ ಹೊಸೂರಿನ ಹುಡುಗರು ಫೈಲು ಹಿಡಿದು ಬರುತ್ತಾರೆ. ತಮಿಳುನಾಡಿನ ರಕ್ಷಣಾ ಕಾರಿಡಾರ್‌ನಲ್ಲಿ ಹೊಸೂರೂ ಸೇರಿದೆ, ಹೊಸ ಕಂಪನಿಗಳಿಗೆ ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯಲ್ಲಿ ಅನುದಾನವೂ ಉಂಟು. ಹಾಗಾಗಿ ಹುರುಪು ಜಾಸ್ತಿ. ಒಳ್ಳೆಯದೇ. ಆದರೆ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ವ್ಯಾಪ್ತಿ 50 ಕಿ.ಮೀ.’ ಅಲ್ಲಿಗೇ ನನ್ನ ತಲೆ ಬಿಸಿಯಾಗುತ್ತದೆ.

ನೋಡ್ರಪ್ಪ, ತೂಕ, ಬಣ್ಣ ಇದ್ದ ಹಾಗೆ ಪೆಟ್ಟಿಗೆಗೆ ಕಿಲೋಮೀಟರ್ ಅಂತ ಒಂದು ಗುಣ ಇಲ್ಲ. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಮೇಲೆ. ಅದರ ಸಿಗ್ನಲ್ ನೆಲ ಮುಟ್ಟುವಾಗ ಮೈನಸ್ 130 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಆಸುಪಾಸು, ಅಂದರೆ ಅದನ್ನು ಹಿಡಿಯುವ ರಿಸೀವರ್‌ನ ಸ್ವಂತ ಗದ್ದಲಕ್ಕಿಂತಲೂ ಕೆಳಗೆ. ಇಷ್ಟು ಸಣ್ಣ ದನಿಯನ್ನು ಅಡಗಿಸುವುದು ದೊಡ್ಡ ವಿದ್ಯೆಯಲ್ಲ. ಯಾರ ಕಿವಿಯಲ್ಲಿ ಅಡಗಿಸುತ್ತೀರಿ ಅನ್ನೋದು ಪ್ರಶ್ನೆ. ಮೊಬೈಲ್ ಒಂದರ ಜಿಪಿಎಸ್ ಅನ್ನು 10 ಕಿ.ಮೀ. ದೂರದಲ್ಲಿ ಕೆಡಿಸುವ ಪೆಟ್ಟಿಗೆ ಇದೆ ಅಂತಿಟ್ಟುಕೊಳ್ಳಿ. ಗದ್ದಲ ಬರುವ ದಿಕ್ಕನ್ನೇ ಕೇಳದಂತೆ ಮಾಡುವ ಆಂಟೆನಾಗಳಿವೆ, ಸಿಆರ್‌ಪಿಎ ಅಂತಾರೆ. ಎದುರಿನ ರಿಸೀವರ್‌ಗೆ ಅಂಥದ್ದಿದ್ದು, ಅದು 30 ಡೆಸಿಬೆಲ್ ತಡೆದರೆ ಸಾವಿರ ಪಟ್ಟು ತಡೆದಂತೆ. ಶಕ್ತಿ ದೂರದ ವರ್ಗದಂತೆ ಇಳಿಯುವುದರಿಂದ ನಿಮ್ಮ 10 ಕಿ.ಮೀ. ಸುಮಾರು 300 ಮೀಟರ್ ಆಯಿತು. ಪೆಟ್ಟಿಗೆ ಅದೇ, ವ್ಯಾಟ್ ಅದೇ. ಮಧ್ಯೆ ಗುಡ್ಡ ಬಂತೋ, ಲೆಕ್ಕ ಮತ್ತೆ ಬೇರೆ. ಯಾವ ರಿಸೀವರ್, ಎಷ್ಟು ಎತ್ತರದಲ್ಲಿ, ಯಾವ ಆಂಟೆನಾ ಅಂತ ಹೇಳದ ಕಿಲೋಮೀಟರ್ ಬರೀ ಜಾಹೀರಾತು.

ಇಷ್ಟು ಹೇಳಿದ ಮೇಲೂ ‘ಹಾಗಾದ್ರೆ ಪವರ್ ಜಾಸ್ತಿ ಮಾಡ್ಲಾ ಸಾರ್?’ ಅಂತ ಕೇಳುತ್ತಾರೆ. ಪರೀಕ್ಷೆಗೆ, ತರಬೇತಿಗೆ ಅಂತ ಕೊಳ್ಳುವವರಿಗೆ ಜೋರು ಬೇಡ. ಹೇಳಿದಷ್ಟೇ ಗದ್ದಲ ಬೇಕು, ನಾಳೆಯೂ ಅಷ್ಟೇ ಬರಬೇಕು, ಎಷ್ಟಿತ್ತು ಅಂತ ದಾಖಲೆ ಉಳಿಯಬೇಕು.

ಬಾಗಲೂರು ಕಡೆಯ ಹುಡುಗನೊಬ್ಬ ಚೆಂದದ ಪೆಟ್ಟಿಗೆ ತಂದಿದ್ದ. ಹೀಟ್‌ಸಿಂಕ್ ನೋಡಿದರೇ ಶ್ರದ್ಧೆ ಗೊತ್ತಾಗುತ್ತಿತ್ತು. ಮುಂದುಗಡೆ ಒಂದೇ ನಾಬ್, ಗುರುತಿಲ್ಲ, ಅಂಕಿ ಇಲ್ಲ.

‘ಈಗ ಎಷ್ಟಿಟ್ಟಿದ್ದೀಯಪ್ಪ?’

‘ಸುಮಾರು ಅರ್ಧ ಸಾರ್.’

‘ನಾಳೆ ಬೇರೆ ಹವಾಲ್ದಾರ್ ಬಂದು ಇದೇ ಅರ್ಧ ಹೇಗೆ ಇಡ್ತಾನೆ?’

ಅವನು ನಕ್ಕ. ನಾನು ನಗಲಿಲ್ಲ. ಆಂಟೆನಾ ಬಿಚ್ಚಿಸಿದೆ. ಸಿಮ್ಯುಲೇಟರ್‌ನ ಉಪಗ್ರಹ ಸಿಗ್ನಲ್ಲು, ಅವನ ಪೆಟ್ಟಿಗೆಯ ಗದ್ದಲ, ಎರಡನ್ನೂ ಕೇಬಲ್‌ನಲ್ಲೇ ಸೇರಿಸಿ ಒಂದು ರಿಸೀವರ್‌ಗೆ ಕೊಟ್ಟು, ಗದ್ದಲವನ್ನು ಅಳೆದು ತಗ್ಗಿಸುವ ಅಟೆನ್ಯುಯೇಟರ್ ನಡುವೆ ಹಾಕಿ, ಒಂದೊಂದೇ ಡೆಸಿಬೆಲ್ ಗದ್ದಲ ಏರಿಸಿದೆವು. ಪರದೆಯ ಮೇಲೆ ಉಪಗ್ರಹಗಳ ಸಿಗ್ನಲ್ ತೋರಿಸುವ ಕಂಬಗಳು ಕುಗ್ಗುತ್ತಾ ಬಂದವು. ಪೂರ್ತಿ ಕೈಕೊಡುವ ಮುಂಚೆ ಒಂದು ಹಂತದಲ್ಲಿ, ಮೇಜಿನ ಮೇಲೆ ಕೂತಿದ್ದ ರಿಸೀವರ್ ತಾನು ನಡೆಯುತ್ತಿದ್ದೇನೆ ಅನ್ನತೊಡಗಿತು. ಹುಡುಗ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಸೈನಿಕನಿಗೆ ಕಲಿಸಬೇಕಾದ್ದು ಈ ಹಂತವನ್ನೇ. ಉಪಕರಣ ಸತ್ತರೆ ಯಾರಿಗೂ ಗೊತ್ತಾಗುತ್ತದೆ. ಸುಳ್ಳು ಹೇಳುವಾಗ ಗೊತ್ತಾಗುವುದಿಲ್ಲ. ಪೂರ್ತಿ ಪವರ್‌ನಲ್ಲಿ ಬಾರಿಸಿದರೆ ಈ ಹಂತ ಕಣ್ಣಿಗೇ ಬೀಳದೆ ದಾಟಿ ಹೋಗುತ್ತದೆ.

2008ರಲ್ಲಿ ಇಂಗ್ಲೆಂಡಿನ ಫ್ಲಾಂಬರೋ ಹೆಡ್ ಕರಾವಳಿಯಲ್ಲಿ ಲೈಟ್‌ಹೌಸ್ ಪ್ರಾಧಿಕಾರದವರು ‘ಪೋಲ್ ಸ್ಟಾರ್’ ಹಡಗಿನ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದರು. ಜಾಮರ್ ಸುಮಾರು ಒಂದೂವರೆ ವ್ಯಾಟ್, ಅಷ್ಟೇ. ಹಡಗಿನಲ್ಲಿ ಅಲಾರಂ ಮೇಲೆ ಅಲಾರಂ. ಕೆಲವು ರಿಸೀವರ್ ಸುಮ್ಮನಾದವು, ಕೆಲವು ತಪ್ಪು ಜಾಗ ತೋರಿಸಿದವು. ನಿಮ್ಮ ಪ್ರಸ್ತಾವನೆಯಲ್ಲಿ ಐವತ್ತು ವ್ಯಾಟ್ ಯಾಕೆ ಬೇಕು ಅಂತ ಕೇಳಿದಾಗ ಈ ಹಡಗನ್ನು ನೆನೆಸಿಕೊಳ್ಳಿ.

ಹಾಗಾದರೆ ಏನು ಬರೆಯಬೇಕು? ಪವರ್ ಎಷ್ಟರಿಂದ ಎಷ್ಟಕ್ಕೆ, ಯಾವ ಹೆಜ್ಜೆಯಲ್ಲಿ ಏರುತ್ತದೆ. ಬಿಸಿಯಾದ ಮೇಲೆ ಎಷ್ಟು ಜಾರುತ್ತದೆ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಒಂದೇನಾ, ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್‌ನ ಎಲ್5, ಎಸ್ ಬ್ಯಾಂಡ್ ಕೂಡ ಉಂಟಾ. ಪಕ್ಕದ ಬ್ಯಾಂಡ್‌ಗೆ ಎಷ್ಟು ಸೋರುತ್ತದೆ. ನಿಲ್ಲಿಸು ಅಂದರೆ ಎಷ್ಟು ಬೇಗ ನಿಲ್ಲುತ್ತದೆ, ನಡೆಸುವವನ ಸಂಪರ್ಕ ಕಡಿದರೆ ತಾನೇ ನಿಲ್ಲುತ್ತದಾ. ಕೊನೆಯದನ್ನು ಯಾರೂ ಬರೆಯುವುದಿಲ್ಲ, ಟ್ರಯಲ್‌ನಲ್ಲಿ ಮೊದಲು ಕೇಳುವುದು ಅದನ್ನೇ ಆಗಿರಬಹುದು. ಸೇನೆಯ ಒಂದೊಂದು ವಿಭಾಗಕ್ಕೂ ಬೇಡಿಕೆ ಬೇರೆ, ಆದ್ದರಿಂದ ನನ್ನ ಪಟ್ಟಿಯೇ ಕೊನೆ ಅಂದುಕೊಳ್ಳಬೇಡಿ.

ಇನ್ನೊಂದು. ದಯವಿಟ್ಟು ತಾರಸಿ ಮೇಲೆ ಹಚ್ಚಿ ನೋಡಬೇಡಿ. ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಜಿಪಿಎಸ್ ಬ್ಲಾಕರ್ ಬಳಸುವುದು ಕಾನೂನುಬಾಹಿರ ಅಂತ ದೂರಸಂಪರ್ಕ ಇಲಾಖೆ 2022ರಲ್ಲಿ ಮತ್ತೆ ಹೇಳಿದೆ. ಹೊಸೂರಿನಿಂದ ಬೆಂಗಳೂರು 40 ಕಿ.ಮೀ. 30,000 ಅಡಿಯಲ್ಲಿ ಹಾರುವ ವಿಮಾನಕ್ಕೆ ಸುಮಾರು 390 ಕಿ.ಮೀ. ಆಚೆಯ ನೆಲದವರೆಗೂ ರೇಡಿಯೋ ನೋಟ ಇರುತ್ತದೆ. ನಿಮ್ಮ ಪೆಟ್ಟಿಗೆ ಅಷ್ಟು ದೂರ ತೊಂದರೆ ಕೊಡುತ್ತದಾ ಅನ್ನೋದು ಪವರ್ ಮೇಲೆ ಹೋಗುತ್ತದೆ, ಆದರೆ ನಡುವೆ ಅಡ್ಡ ಏನೂ ಇಲ್ಲ. ನಿಮ್ಮ ಪರೀಕ್ಷೆ ಕೇಬಲ್‌ನಲ್ಲಿ ಇಲ್ಲವೇ ಶೀಲ್ಡ್ ಮಾಡಿದ ಕೋಣೆಯಲ್ಲಿ ಆಗಲಿ. ಬಯಲಿನ ಟ್ರಯಲ್‌ಗೆ ಸೇನೆಯೇ ಜಾಗ, ಹೊತ್ತು ಗೊತ್ತು ಮಾಡುತ್ತದೆ. ಲೈಸೆನ್ಸ್‌ನ ಒಳಸುಳಿಗಳನ್ನು ಮಾತ್ರ ವಕೀಲರ ಹತ್ತಿರ ಕೇಳಿ, ನನ್ನ ಹತ್ತಿರ ಬೇಡ.